ಕೌನ್ಸೆಲರ್ ಒಳ್ಳೆಯವರೇ, ಆದರೂ ಆ ಕೋಣೆಯಲ್ಲಿ ನನ್ನ ಬಾಯಿ ಕಟ್ಟುತ್ತದೆ. ಬಿಡಲೇ, ಮುಂದುವರಿಸಲೇ?

ಅಡಿಕೆಸಿಂಗಾರ (ಸನಿವೇಲ್, ಕ್ಯಾಲಿಫೋರ್ನಿಯಾ):

ಉದ್ದವಾಗಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ. ಚಿಕ್ಕದಾಗಿ ಹೇಳುವ ಕಲೆ ನನಗೆ ಒಲಿದಿಲ್ಲ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಾನು ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಇಲ್ಲಿ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡುತ್ತೇನೆ. ನಾನು ಲೆಸ್ಬಿಯನ್. ಆಟಿಸಂ ಇದೆ ಎಂದು ಗೊತ್ತಾದದ್ದು ಮೂವತ್ತು ದಾಟಿದ ಮೇಲೆ, ಈ ದೇಶಕ್ಕೆ ಬಂದ ನಂತರ. ಆಗ ನನಗೆ ದುಃಖವೇನೂ ಆಗಲಿಲ್ಲ. ಮದುವೆಮನೆಯ ಗದ್ದಲ ತಾಳಲಾರದೆ ಉಗ್ರಾಣದ ಕೋಣೆಯಲ್ಲಿ ಅಕ್ಕಿಚೀಲಗಳ ನಡುವೆ ಹೋಗಿ ಕೂರುತ್ತಿದ್ದ ಹುಡುಗಿಗೆ ನೆಂಟರೆಲ್ಲ ಜಂಬದವಳು ಎಂದು ಹೆಸರಿಟ್ಟಿದ್ದರು. ಆ ಹುಡುಗಿಯ ಪರವಾಗಿ ಯಾರೋ ತಡವಾಗಿ ಸಾಕ್ಷಿ ಹೇಳಿದಂತಾಯಿತು.

ವಿಷಯ ಬೇರೆ ಇದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ ಕುರಿತು 2009ರ ಜುಲೈನಲ್ಲಿ ನಮ್ಮಂಥವರ ಪರವಾಗಿ ದೆಹಲಿ ಹೈಕೋರ್ಟ್ ತೀರ್ಪು ಬಂದಾಗ ನಾನು ಪದವಿ ಓದುತ್ತಿದ್ದೆ. ಪತ್ರಿಕೆಯಲ್ಲಿ ಅದನ್ನು ಓದಿದ ಧೈರ್ಯದಲ್ಲಿ ಅಮ್ಮನಿಗೆ ಹೇಳಿಬಿಟ್ಟೆ. ಅಪ್ಪ ನನ್ನನ್ನು ಪಟ್ಟಣದ ಒಬ್ಬ ಮನೋವೈದ್ಯರಲ್ಲಿಗೆ ಕರೆದೊಯ್ದರು. ಆ ವೈದ್ಯರು ಬೈಯಲಿಲ್ಲ, ಹೆದರಿಸಲಿಲ್ಲ. ತುಂಬಾ ಮೆಲುದನಿಯಲ್ಲಿ, ಕಣ್ಣು ಮುಚ್ಚು, ದೀರ್ಘವಾಗಿ ಉಸಿರೆಳೆದುಕೋ, ಈಗ ನಿನ್ನ ಮದುವೆಯ ಮಂಟಪವನ್ನು ಕಲ್ಪಿಸಿಕೋ, ಪಕ್ಕದಲ್ಲಿ ಒಬ್ಬ ಹುಡುಗ ಕುಳಿತಿದ್ದಾನೆ ಎನ್ನುತ್ತಿದ್ದರು. ಮೇಲೆ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಹೊರಗಿನ ಬೆಂಚಿನಲ್ಲಿ ಅಪ್ಪ ಕುಳಿತಿರುತ್ತಿದ್ದರು. ನಾನು ಕಣ್ಣು ತಪ್ಪಿಸಿದರೆ, ಸುಳ್ಳು ಹೇಳುತ್ತಿದ್ದೀಯಾ ಎಂದು ಅದೇ ಮೆಲುದನಿಯಲ್ಲಿ ಕೇಳುತ್ತಿದ್ದರು. ಮಾತ್ರೆಗಳೂ ಇದ್ದವು. ಅವನ್ನು ನುಂಗಿದ ದಿನಗಳಲ್ಲಿ ತರಗತಿಯಲ್ಲಿ ಕುಳಿತಲ್ಲೇ ನಿದ್ದೆ ಬರುತ್ತಿತ್ತು.

ಈಗ ಇಲ್ಲಿನ ಕೌನ್ಸೆಲರ್ ವಿಷಯ. ವಿಮೆಯ ಪಟ್ಟಿಯಲ್ಲಿ ಸಿಕ್ಕಿದವರು. ಬಾಗಿಲಲ್ಲೇ ಕಾಮನಬಿಲ್ಲಿನ ಬಾವುಟ ಇದೆ. ನನ್ನ ಬಗ್ಗೆ ಅವರಿಗೆ ನಿಜವಾದ ಕಾಳಜಿಯಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಳಗಿನ ಮಾತು ಹೊರಗೆ ಕೇಳಬಾರದೆಂದು ಬಾಗಿಲ ಬಳಿ ಒಂದು ಸದ್ದಿನ ಯಂತ್ರ ಇಟ್ಟಿದ್ದಾರೆ. ಶ್‌ಶ್‌ಶ್ ಎಂದು ಗಂಟೆಯುದ್ದಕ್ಕೂ ಒರಲುತ್ತದೆ. ನನ್ನ ಅರ್ಧ ತಲೆ ಆ ಸದ್ದನ್ನು ತಡೆಯುವುದರಲ್ಲೇ ಖರ್ಚಾಗುತ್ತದೆ. ಅದರ ಮೇಲೆ ಅವರು ಪ್ರತಿ ಭೇಟಿಯನ್ನೂ ಕಣ್ಣು ಮುಚ್ಚಿಸಿ, ದೀರ್ಘ ಉಸಿರಾಡಿಸಿ ಆರಂಭಿಸುತ್ತಾರೆ. ಆಮೇಲೆ, ಈ ನೋವು ನಿಮ್ಮ ದೇಹದಲ್ಲಿ ಎಲ್ಲಿದೆ ಎಂದು ಕೇಳುತ್ತಾರೆ. ನನಗೆ ನಿಜಕ್ಕೂ ಗೊತ್ತಾಗುವುದಿಲ್ಲ. ಸುಮ್ಮನಿರುತ್ತೇನೆ. ರೋಗಿಗಳ ಪೋರ್ಟಲ್‌ನಲ್ಲಿ ಅವರ ಟಿಪ್ಪಣಿ ಓದಿದೆ: ಭಾವನೆಗಳನ್ನು ತಡೆಹಿಡಿಯುತ್ತಾರೆ, ಕಣ್ಣು ತಪ್ಪಿಸುತ್ತಾರೆ ಎಂದಿತ್ತು.

ಇನ್ನೊಂದು ಅಮ್ಮನ ವಿಷಯ. ಅಮ್ಮ ದಿನವೂ ಫೋನ್ ಮಾಡುತ್ತಾರೆ. ನಿಮಗೆ ಅಷ್ಟು ಕೇಡು ಮಾಡಿದವರ ಜೊತೆ ಗೆರೆ ಎಳೆಯಿರಿ ಎನ್ನುತ್ತಾರೆ ಕೌನ್ಸೆಲರ್. ಅಮ್ಮನ ಫೋನ್ ನನಗೆ ಕಷ್ಟವೂ ಹೌದು, ಬೇಕೂ ಹೌದು. ಅಡಿಕೆಗೆ ಕೊಳೆರೋಗ ಬಂದದ್ದು, ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರು ಸಿಗದೇ ಇರುವುದು, ಇಂಥವೇ ನಮ್ಮ ಮಾತು. ಅದನ್ನೂ ನಿಲ್ಲಿಸಿದರೆ ನಾನು ಕನ್ನಡ ಮಾತನಾಡುವುದು ಯಾರ ಜೊತೆ?

ಬೇರೆಯವರನ್ನು ಹುಡುಕೋಣ ಎಂದರೆ ಆಟಿಸಂ ಬಲ್ಲವರಿಗೆ ಕ್ವಿಯರ್ ಬದುಕು, ಅಂದರೆ ನನ್ನಂಥ ಸಲಿಂಗಿಗಳ ಬದುಕು, ಗೊತ್ತಿಲ್ಲ, ಅದು ಗೊತ್ತಿದ್ದವರಿಗೆ ವೀಸಾದ ಭಯ ಗೊತ್ತಿಲ್ಲ, ಎರಡೂ ಗೊತ್ತಿರಬಹುದಾದ ನಮ್ಮವರ ಬಳಿ ಹೋಗಲು ನನಗೇ ಧೈರ್ಯವಿಲ್ಲ. ಯುಗಾದಿ ಊಟಕ್ಕೆ ಕನ್ನಡ ಕೂಟಕ್ಕೆ ಹೋದಾಗ ಅವರು ಎದುರು ಎಲೆಗೆ ಕುಳಿತಿದ್ದರೆ?

ಇವರನ್ನು ಬಿಡಬೇಕೇ? ಈ ಕಾಗದಪತ್ರಗಳೆಲ್ಲ ಮುಂದೆ ಗ್ರೀನ್ ಕಾರ್ಡ್ ಹೊತ್ತಿಗೆ ಎದ್ದು ಬರುತ್ತವೆಯೇ? ಅನುಭವ ಇದ್ದವರು ಹೇಳಿ.

ರಾಗಿಕಣಜ (ಫ್ರೀಮಾಂಟ್):

ಅಡಿಕೆಸಿಂಗಾರ ಅವರೇ, ಆ ಯಂತ್ರದ ಬಗ್ಗೆ ಬರೆದಿದ್ದಕ್ಕೆ ನಿಮಗೆ ನಮಸ್ಕಾರ. ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ಸ್ಥಿತಿ. ನಮ್ಮ ಕೌನ್ಸೆಲರ್ ಕಚೇರಿಯಲ್ಲಿ ಅದರ ಜೊತೆಗೆ ಪುಟ್ಟ ಕಾರಂಜಿಯೂ ಇತ್ತು, ಗಂಟೆಯುದ್ದಕ್ಕೂ ಶೌಚಾಲಯದ ಯೋಚನೆಯೇ. ಈಗ ವಿಡಿಯೋ ಭೇಟಿ ಮಾತ್ರ. ಕಾರನ್ನು ಗ್ರಂಥಾಲಯದ ಮುಂದೆ ನಿಲ್ಲಿಸಿಕೊಂಡು ಒಳಗೆ ಕುಳಿತು ಮಾತನಾಡುತ್ತೇನೆ. ಮನೆಯಲ್ಲಿ ಸಾಧ್ಯವಿಲ್ಲ.

ಸಾಧ್ಯವಿಲ್ಲದ ಕಾರಣ ಹೇಳುತ್ತೇನೆ, ನನ್ನಂತೆ ಗಂಡನ ವೀಸಾದ ಆಧಾರದ ಮೇಲೆ ಎಚ್-4 ವೀಸಾದಲ್ಲಿರುವ, ಇದನ್ನು ಓದುವ ಹೆಂಗಸರಿಗೆ ಉಪಯೋಗವಾಗಲಿ. ನಾನು ದ್ವಿಲಿಂಗಿ, ಅಂದರೆ ನನಗೆ ಗಂಡಸರಂತೆ ಹೆಂಗಸರ ಮೇಲೂ ಒಲವಿದೆ. ಗಂಡನಿಗೆ ಇದು ಗೊತ್ತಿಲ್ಲ, ಸದ್ಯಕ್ಕೆ ಗೊತ್ತಾಗುವುದು ನನಗೆ ಕ್ಷೇಮವೂ ಅಲ್ಲ. ವಿಮೆ ಅವರ ಹೆಸರಿನಲ್ಲಿದೆ. ಪ್ರತಿ ಭೇಟಿಯ ನಂತರ ಯಾವ ಸೇವೆಗೆ ಎಷ್ಟು ಹಣ ಎಂಬ ವಿವರಪತ್ರವನ್ನು ವಿಮಾ ಕಂಪನಿ ಸಾಮಾನ್ಯವಾಗಿ ವಿಮೆಯ ಯಜಮಾನನಿಗೆ ಕಳುಹಿಸುತ್ತದೆ. ಒಂದು ದಿನ ಅದು ಮನೆಯ ಅಂಚೆಪೆಟ್ಟಿಗೆಯಲ್ಲಿ ಬಿದ್ದಿತ್ತು. ಅದೃಷ್ಟಕ್ಕೆ ಅಂಚೆ ತೆಗೆಯುವವಳು ನಾನೇ.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನಿದೆ, ಎಬಿ 1184, 2022ರ ಜುಲೈಯಿಂದ ಜಾರಿಯಲ್ಲಿದೆ. ಮಾನಸಿಕ ಆರೋಗ್ಯವೂ ಸೇರಿದಂತೆ ಸೂಕ್ಷ್ಮ ಸೇವೆಗಳ ಮಾಹಿತಿಯನ್ನು ನನಗೆ ಮಾತ್ರ, ನಾನು ಹೇಳಿದ ವಿಳಾಸಕ್ಕೆ ಕಳುಹಿಸಿ ಎಂದು ಅವಲಂಬಿತರೂ ಕೇಳಬಹುದು. ಕಾರಣ ವಿವರಿಸುವ ಅಗತ್ಯವಿಲ್ಲ, ಗಂಡನ ಒಪ್ಪಿಗೆಯೂ ಬೇಡ. ಫೋನಿನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕೇಳಿದರೆ ಏಳು ದಿನದೊಳಗೆ ಅವರು ಜಾರಿಗೆ ತರಬೇಕು. ಒಂದು ತೊಡಕಿದೆ. ದೊಡ್ಡ ಕಂಪನಿಗಳು ಎಷ್ಟೋ ವೇಳೆ ನೌಕರರ ಚಿಕಿತ್ಸೆಯ ಹಣವನ್ನು ವಿಮಾ ಕಂಪನಿಯ ಬದಲು ತಾವೇ ಭರಿಸುತ್ತವೆ, ಅಂಥ ಯೋಜನೆಗಳಿಗೆ ರಾಜ್ಯದ ಈ ಕಾನೂನು ತಾಗುವುದಿಲ್ಲ. ಆಗ ಆರೋಗ್ಯ ಮಾಹಿತಿಯ ಗೋಪ್ಯತೆ ಕಾಯುವ ಕೇಂದ್ರದ ಹಿಪಾ ನಿಯಮದ ಅಡಿಯಲ್ಲಿ, ಈ ಮಾಹಿತಿ ಬೇರೆಯವರ ಕೈಗೆ ಹೋದರೆ ನನಗೆ ಅಪಾಯವಿದೆ ಎಂದು ಹೇಳಿ ಕೇಳಬೇಕು. ಕೊನೆಯ ದಾರಿ ಸ್ವಂತ ಹಣ. ಆದಾಯಕ್ಕೆ ತಕ್ಕಂತೆ ಶುಲ್ಕ ಇಳಿಸುವವರು ಇದ್ದಾರೆ, ಸಂಕೋಚವಿಲ್ಲದೆ ಕೇಳಿ.

ಅಮ್ಮನ ವಿಷಯದಲ್ಲಿ ನಿಮ್ಮ ಕೌನ್ಸೆಲರ್ ಮಾತಿಗೆ ನನಗೆ ಸಿಟ್ಟು ಬಂತು. ಇಲ್ಲಿನವರಿಗೆ ಬಾಗಿಲು ಮುಚ್ಚುವುದು ಸುಲಭ, ಅವರಿಗೆ ಹಿಂದಿರುಗಲು ಬೇರೆ ಮನೆ ಇರುತ್ತದೆ.

ತುಂಗೆಯ_ದಡ (ಸ್ಯಾನ್ ಹೋಸೆ):

ನಾನು ಈ ರಾಜ್ಯದ ಪರವಾನಗಿ ಇರುವ ಥೆರಪಿಸ್ಟ್, ತೀರ್ಥಹಳ್ಳಿ ಕಡೆಯವಳು. ಇಲ್ಲಿ ಬರೆಯುವುದು ಚಿಕಿತ್ಸೆಯಲ್ಲ, ಪರಿಚಯದವರಿಗೆ ಹೇಳುವಂತೆ ಹೇಳುತ್ತಿದ್ದೇನೆ.

ಅಡಿಕೆಸಿಂಗಾರ ಅವರೇ, ನಿಮ್ಮ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಆ ಮೆಲುದನಿ. ಬೇರೆಯವರಿಗೆ ನೆಮ್ಮದಿ ಕೊಡಲೆಂದು ನಾವು ಬಳಸುವ ಸಾಧನಗಳೆಲ್ಲ, ಅಂದರೆ ತಗ್ಗಿದ ದನಿ, ಮುಚ್ಚಿದ ಕಣ್ಣು, ದೀರ್ಘ ಉಸಿರು, ಕಲ್ಪನೆ, ಇವೆಲ್ಲವೂ ನಿಮ್ಮ ಮೇಲೆ ಒಮ್ಮೆ ಆಯುಧಗಳಾಗಿ ಬಳಕೆಯಾಗಿವೆ. ನಿಮ್ಮ ಕೌನ್ಸೆಲರ್ ಅದೇ ಅನುಕ್ರಮದಲ್ಲಿ ಅವನ್ನೇ ಎತ್ತಿಕೊಳ್ಳುತ್ತಿದ್ದಾರೆ, ಪಾಪ, ಅವರಿಗೆ ಗೊತ್ತಿಲ್ಲ. ನಿಮ್ಮ ದೇಹಕ್ಕೆ ಗೊತ್ತಿದೆ. ಅದು ಬಾಯಿ ಕಟ್ಟಿಸುತ್ತದೆ. ಇದನ್ನು ಅಸಹಕಾರ ಎಂದು ಬರೆದುಕೊಂಡರೆ ತಪ್ಪು ಕೌನ್ಸೆಲರ್‌ನದು.

ಆಘಾತವನ್ನು ಅರಿತ ಆರೈಕೆ ಎಂದು ನಾವು ಕರೆಯುವುದರ ತಿರುಳು ಇಷ್ಟೇ: ಎದುರಿಗಿರುವವರಿಗೆ ಹಿಂದೆ ಏನೋ ಆಗಿರಬಹುದು ಎಂದುಕೊಂಡೇ ಎಲ್ಲವನ್ನೂ ಏರ್ಪಡಿಸುವುದು, ಆರೈಕೆಯೇ ಮತ್ತೆ ಗಾಯ ಮಾಡದಂತೆ ನೋಡಿಕೊಳ್ಳುವುದು. ಮಾನಸಿಕ ಆರೋಗ್ಯದ ವಿಷಯ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಸ್ಯಾಂಸಾ 2014ರಲ್ಲಿ ಇದಕ್ಕೆ ಆರು ತತ್ವಗಳನ್ನು ಕೊಟ್ಟಿತು. ಸುರಕ್ಷತೆ ಮೊದಲನೆಯದು; ವ್ಯಕ್ತಿಯ ದನಿ ಮತ್ತು ಆಯ್ಕೆ, ಸಂಸ್ಕೃತಿ ಮತ್ತು ಚರಿತ್ರೆಯ ಅರಿವು ಕೂಡ ಅದರಲ್ಲಿವೆ. ಗೋಡೆಗೆ ಆ ಪಟ್ಟಿ ಅಂಟಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಯಂತ್ರ ಆರಿಸಲೇ ಎಂದು ಕೇಳುವವರು ಕಡಿಮೆ.

ದೇಹದಲ್ಲಿ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಬಾರದಿರುವುದಕ್ಕೆ ಬೇರೆ ಕಾರಣವೂ ಇರಬಹುದು. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಮ್ಮ ಭಾವನೆಯನ್ನು ಗುರುತಿಸುವುದು, ಹೆಸರಿಸುವುದು ಕಷ್ಟ. ಅದಕ್ಕೆ ಅಲೆಕ್ಸಿಥೈಮಿಯಾ ಎನ್ನುತ್ತೇವೆ. ಅಂಥವರಿಗೆ ಬಯಲಿನಂಥ ಪ್ರಶ್ನೆ ಹಾಕಬಾರದು. ಕೈ ತಣ್ಣಗಿದೆಯೇ, ದವಡೆ ಬಿಗಿದಿದೆಯೇ, ಇಲ್ಲಿಂದ ಎದ್ದು ಹೋಗಬೇಕು ಅನಿಸುವುದು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಬೇಕು. ಉತ್ತರ ಮೂರು ದಿನ ಬಿಟ್ಟು ಇಮೇಲ್‌ನಲ್ಲಿ ಬಂದರೂ ಅದು ಉತ್ತರವೇ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2012ರಲ್ಲೇ ಆಟಿಸಂ ಇರುವ ವಯಸ್ಕರ ಚಿಕಿತ್ಸೆಯ ಬಗ್ಗೆ ಬರೆದಿದೆ: ಬರಹ ಮತ್ತು ಚಿತ್ರ ಹೆಚ್ಚು ಬಳಸಿ, ರೂಪಕ ಕಡಿಮೆ ಮಾಡಿ, ನಡುವೆ ವಿರಾಮ ಕೊಡಿ ಎಂದು. ನೀವು ಕೇಳಿದರೆ ಅದು ವಿಶೇಷ ಉಪಕಾರವೇನಲ್ಲ.

ನೀವು ಇಲ್ಲಿ ಬರೆದಷ್ಟು ಸ್ಪಷ್ಟವಾಗಿ ನನ್ನ ಬಳಿ ಬರುವ ಎಷ್ಟೋ ಮಂದಿ ಹೇಳಲಾರರು. ಹಾಗಾದರೆ ನಿಮ್ಮ ಬಾಯಿ ಇರುವುದು ಬರವಣಿಗೆಯಲ್ಲಿ. ಅವರಿಗೂ ಬರೆದು ಕೊಡಿ. 2009ರ ಕೋಣೆಯನ್ನು ಪೂರ್ತಿ ವರ್ಣಿಸುವ ಅಗತ್ಯವಿಲ್ಲ, ಈ ಹಂತದಲ್ಲಿ ವರ್ಣಿಸುವುದೂ ಬೇಡ. ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲೇ ಆಘಾತದಿಂದ ಚೇತರಿಸಿಕೊಳ್ಳುವ ಹಂತಗಳನ್ನು ವಿವರಿಸುವಾಗ ಸುರಕ್ಷತೆಯನ್ನು ಮೊದಲಿಟ್ಟು, ನೆನಪಿಸಿಕೊಳ್ಳುವುದನ್ನು ಎರಡನೆಯದಾಗಿಟ್ಟರು. ನಿಮಗೆ ಅದು ಎಂದಾದರೂ ಬೇಕಾದಾಗ ನೋಡೋಣ. ಘಟನೆಯನ್ನು ವಿವರವಾಗಿ ಬಾಯಿಬಿಟ್ಟು ಹೇಳದೆಯೂ ಮಾಡಬಹುದಾದ, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬ ಆಘಾತ ಚಿಕಿತ್ಸೆಯಂಥ ವಿಧಾನಗಳಿವೆ. ಅದರಲ್ಲೂ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುವುದು ಕಷ್ಟವಾದರೆ ಅಂಗೈ ತಟ್ಟಿಕೊಂಡು ಮಾಡಿಸುತ್ತಾರೆ.

ಬಿಡಬೇಕೋ ಬೇಡವೋ ಎಂಬುದನ್ನು ಪತ್ರ ಕೊಟ್ಟ ಮುಂದಿನ ಭೇಟಿಯಲ್ಲಿ ನೋಡಿ. ಅವರು ಯಂತ್ರವನ್ನು ಸರಿಸಿದ್ದರೆ, ಹೇಗೆ ಆರಂಭಿಸೋಣ ಎಂದು ನಿಮ್ಮನ್ನೇ ಕೇಳಿದರೆ, ಟಿಪ್ಪಣಿಯನ್ನು ತಿದ್ದುತ್ತೇನೆ ಎಂದರೆ ಉಳಿಯಿರಿ. ಕ್ವಿಯರ್ ವಿಷಯವನ್ನು ಮೊದಲಿನಿಂದ ವಿವರಿಸಬೇಕಿಲ್ಲದ ಕೌನ್ಸೆಲರ್ ಸಿಗುವುದು ಸುಲಭವಲ್ಲ. ಉಸಿರಾಟ ನಿಮಗೆ ಏಕೆ ಒಳ್ಳೆಯದು ಎಂದು ವಿವರಿಸಲು ಹೊರಟರೆ ಎದ್ದು ಬನ್ನಿ.

ವೀಸಾ ಬಗ್ಗೆ. ನಿಮ್ಮ ಭಯಕ್ಕೆ ಚರಿತ್ರೆಯಿದೆ. 1990ರ ವಲಸೆ ಕಾಯಿದೆ ಬರುವವರೆಗೆ ಸಲಿಂಗಿಗಳಿಗೆ ಈ ದೇಶ ಕಾನೂನಿನ ಪ್ರಕಾರವೇ ಬಾಗಿಲು ಹಾಕಿತ್ತು. ಈಗ ಹಾಗಿಲ್ಲ. ಗ್ರೀನ್ ಕಾರ್ಡ್‌ಗಾಗಿ ಐ-693 ವೈದ್ಯಕೀಯ ಪರೀಕ್ಷೆಯಲ್ಲಿ ಮಾನಸಿಕ ಸ್ಥಿತಿಯ ಪ್ರಶ್ನೆ ಬರುತ್ತದೆ, ಆದರೆ ಅಲ್ಲಿ ನೋಡುವುದು ಆ ಸ್ಥಿತಿಗೆ ಅಂಟಿಕೊಂಡ ಅಪಾಯಕಾರಿ ವರ್ತನೆ ಇದೆಯೇ ಎಂಬುದನ್ನು. ಆಟಿಸಂ ಇದೆ, ಕೌನ್ಸೆಲಿಂಗ್ ಪಡೆಯುತ್ತಿದ್ದೇನೆ ಎಂಬುದೇ ಅಡ್ಡಿಯಾಗುವುದಿಲ್ಲ. ಖಚಿತ ಸಲಹೆಗೆ ವಲಸೆ ವಕೀಲರನ್ನು ಕೇಳಿ. ನಾವು ಗೋಪ್ಯತೆ ಮುರಿಯಬೇಕಾದ ಸಂದರ್ಭಗಳೂ ಕೆಲವೇ: ಮಕ್ಕಳ ಅಥವಾ ವೃದ್ಧರ ಮೇಲಿನ ದೌರ್ಜನ್ಯ, ಯಾರಿಗಾದರೂ ಗಂಭೀರ ಹಾನಿ ಮಾಡುವ ಬೆದರಿಕೆ, ಇಂಥವು. ವೀಸಾ ಸ್ಥಿತಿಯನ್ನು ಯಾರಿಗೂ ವರದಿ ಮಾಡುವುದು ನಮ್ಮ ಕೆಲಸವಲ್ಲ.

ಇನ್ನು ಕನ್ನಡ ಕೂಟದ ಎಲೆ. ನಗು ಬಂತು, ಏಕೆಂದರೆ ನನಗೂ ಆ ಭಯ ಇದೆ. ನಮ್ಮವರು ಯಾರಾದರೂ ಬಂದರೆ ಮೊದಲ ಭೇಟಿಯಲ್ಲೇ ಮಾತಾಡಿಕೊಳ್ಳುತ್ತೇವೆ: ಹೊರಗೆ ಸಿಕ್ಕರೆ ನಾನಾಗಿ ಗುರುತು ತೋರಿಸುವುದಿಲ್ಲ, ನೀವು ಮಾತನಾಡಿಸಿದರೆ ಮಾತ್ರ ನಮಸ್ಕಾರ. ಆ ಊಟಕ್ಕೆ ನಾನು ಹೋಗದಿರುವ ವರ್ಷಗಳೂ ಇವೆ. ಅದು ಈ ಕೆಲಸದ ಭಾಗ.

ನಿವೃತ್ತ_ಮೇಷ್ಟ್ರು (ಮೈಸೂರು, ಸದ್ಯ ಮಗನ ಮನೆ, ಮಿಲ್ಪಿಟಾಸ್):

ಅಮ್ಮಾ ಅಡಿಕೆಸಿಂಗಾರ, ನಾನು ಹಳೆಯ ಕಾಲದವನು, ಈ ವಿಷಯ ನನಗೆ ಪೂರ್ತಿ ಅರ್ಥವಾಗಿದೆ ಎಂದು ಹೇಳಲಾರೆ. ನಿಮ್ಮ ತಂದೆ ಬೆಂಚಿನ ಮೇಲೆ ಕುಳಿತಿದ್ದರು ಎಂದು ಓದಿ ಸಂಕಟವಾಯಿತು. ನನ್ನದೊಂದು ಸರಳ ಪ್ರಶ್ನೆ. ಇಷ್ಟು ದುಡ್ಡು ಕೊಟ್ಟು ಇಂಗ್ಲಿಷಿನಲ್ಲಿ ಒದ್ದಾಡುವ ಬದಲು ಬೆಂಗಳೂರಿನ ಒಳ್ಳೆಯ ಆಪ್ತ ಸಮಾಲೋಚಕರೊಬ್ಬರ ಜೊತೆ ವಿಡಿಯೋದಲ್ಲಿ ಕನ್ನಡದಲ್ಲೇ ಮಾತನಾಡಬಾರದೇಕೆ? ಜೊತೆಗೆ ಬೆಳಗ್ಗೆ ಸ್ವಲ್ಪ ಪ್ರಾಣಾಯಾಮ ಮಾಡಿದರೆ ಮನಸ್ಸು ತಿಳಿಯಾಗುತ್ತದೆ. ತಪ್ಪು ತಿಳಿಯಬೇಡಿ.

ಅಡಿಕೆಸಿಂಗಾರ:

ಮೇಷ್ಟ್ರೇ, ತಪ್ಪು ತಿಳಿಯಲಿಲ್ಲ. ಆದರೆ ಉಸಿರೆಳೆದುಕೋ ಎಂದು ಯಾರಾದರೂ ಹೇಳಿದರೇ ನನಗೆ ಉಸಿರು ಕಟ್ಟುತ್ತದೆ, ಇಷ್ಟುದ್ದ ಬರೆದದ್ದು ಅದನ್ನೇ! ಬೆಳಗಿನ ನಡಿಗೆ ಮಾಡುತ್ತೇನೆ. ಹಾದಿಯಲ್ಲಿ ಕೆರೆಯ ಬಾತುಕೋಳಿಗಳನ್ನು ಎಣಿಸುತ್ತೇನೆ, ಅದು ಕೆಲಸ ಮಾಡುತ್ತದೆ.

ಬೆಂಗಳೂರಿನ ಮಾತು ನನಗೂ ಬಂದಿತ್ತು. ತುಂಗೆಯ_ದಡ ಅವರು ಹೇಳಬೇಕು. ನನಗೆ ಆ ಊರಿನ ವೈದ್ಯರೆಂದರೆ ಇನ್ನೂ 2009ರಲ್ಲೇ ಇದ್ದಾರೆ ಅನಿಸುತ್ತದೆ.

ತುಂಗೆಯ_ದಡ:

ಮೇಷ್ಟ್ರು ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಇಲ್ಲಿನ ನಿಯಮದಲ್ಲಿ ಚಿಕಿತ್ಸೆ ನಡೆಯುವುದು ಸೇವೆ ಪಡೆಯುವವರು ಕುಳಿತಿರುವ ಜಾಗದಲ್ಲಿ. ನೀವು ಸನಿವೇಲ್‌ನಲ್ಲಿದ್ದರೆ ಕ್ಯಾಲಿಫೋರ್ನಿಯಾದ ಪರವಾನಗಿ ಬೇಕು. ಬೆಂಗಳೂರಿನವರ ಜೊತೆ ಎಷ್ಟೋ ಮಂದಿ ಮಾತನಾಡುತ್ತಾರೆ, ಕೆಲವರಿಗೆ ಉಪಕಾರವೂ ಆಗಿದೆ. ಆದರೆ ತೊಂದರೆಯಾದರೆ ದೂರು ಕೊಡಲು ಇಲ್ಲಿ ಮಂಡಳಿಯಿಲ್ಲ, ತುರ್ತು ಬಂದರೆ ಅವರು ಇಲ್ಲಿ ಯಾರನ್ನೂ ಕಳುಹಿಸಲಾರರು. ನಡುರಾತ್ರಿಯ ತುರ್ತಿಗೆ ಇಲ್ಲಿ 988 ಸಹಾಯವಾಣಿ ಇದೆ.

ಊರು 2009ರಲ್ಲೇ ನಿಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. 2021ರಲ್ಲಿ ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಇಬ್ಬರು ಯುವತಿಯರ ಅರ್ಜಿಯನ್ನು ಕೇಳುವಾಗ, ನನಗೇ ಇದು ಅರ್ಥವಾಗಬೇಕು ಎಂದು ಮನಶ್ಶಾಸ್ತ್ರಜ್ಞೆಯೊಬ್ಬರ ಎದುರು ತಾವೇ ಹೋಗಿ ಕುಳಿತರು. ಮೇಷ್ಟ್ರಿಗೆ ಈ ಸಂಗತಿ ಇಷ್ಟವಾಗಬಹುದು. ಆ ಪ್ರಕರಣದ ಮುಂದುವರಿಕೆಯಾಗಿ, ಒಲವನ್ನು ಬದಲಿಸುವ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆಯಿತು. ಇವೆಲ್ಲ ಕಾಗದದ ಮೇಲಿನ ಮಾತುಗಳು ಎನ್ನಬಹುದು. ಆದರೂ ನಿಮಗೆ ಆ ಕೋಣೆಯಲ್ಲಿ ಆದದ್ದಕ್ಕೆ ಇಂದು ದೇಶದ ವೈದ್ಯಕೀಯ ಆಯೋಗವೇ ಇಟ್ಟ ಹೆಸರಿದೆ.

ನಿಮ್ಮ ಅಮ್ಮನಿಗೂ ಮಾತನಾಡಲು ಯಾರಾದರೂ ಬೇಕಾಗಿರಬಹುದು. ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಇದೆ. ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಅಡಿಕೆಸಿಂಗಾರ:

ಪತ್ರ ಬರೆದೆ. ಇಂಗ್ಲಿಷಿನಲ್ಲಿ ಕಳುಹಿಸುತ್ತೇನೆ, ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ:

"ದಯವಿಟ್ಟು ಬಾಗಿಲ ಬಳಿಯ ಯಂತ್ರವನ್ನು ಆರಿಸಿ, ಅಥವಾ ವಿಡಿಯೋ ಭೇಟಿಗೆ ಬದಲಿಸಿ. ಕಣ್ಣು ಮುಚ್ಚಿಸಬೇಡಿ. ಉಸಿರಾಟ ಬೇಡ. ಹಿಂದೆ ಒಬ್ಬ ವೈದ್ಯರು ನನ್ನನ್ನು ಬದಲಿಸಲು ಇವನ್ನೇ ಬಳಸಿದ್ದರು, ಅದರ ಬಗ್ಗೆ ಈಗ ಹೆಚ್ಚು ಕೇಳಬೇಡಿ. ನಾನು ಕಿಟಕಿಯ ಕಡೆ ನೋಡುತ್ತಿದ್ದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದರ್ಥ. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದು ಕಳುಹಿಸಿ. ಅಮ್ಮನ ಫೋನ್ ನಿಲ್ಲಿಸುವ ಮಾತು ನಾನೇ ಎತ್ತುವವರೆಗೆ ಎತ್ತಬೇಡಿ. ಕೆಲಸ ಹೋದರೆ ಅರವತ್ತು ದಿನಗಳಲ್ಲಿ ನಾನು ದೇಶ ಬಿಡಬೇಕಾಗಬಹುದು, ಆಗ ಇಳಿಯುವುದು ಅದೇ ಮನೆಯಲ್ಲಿ."

ಕೊನೆಯ ಎರಡು ವಾಕ್ಯ ಸ್ವಲ್ಪ ಒರಟಾಯಿತೇ? ತೆಗೆಯಲೇ?

ರಾಗಿಕಣಜ:

ತೆಗೆದರೆ ನೋಡಿ ಮತ್ತೆ!

ತುಂಗೆಯ_ದಡ:

ಇರಲಿ. ಅವರಿಗೆ ವೀಸಾ ಗೊತ್ತಿಲ್ಲ ಎಂದು ನೀವೇ ಬರೆದಿದ್ದಿರಿ, ಈಗ ಗೊತ್ತಾಗುತ್ತದೆ. ಒಂದೇ ತಿದ್ದುಪಡಿ: ಮೊದಲ ಮೂರು ವಾಕ್ಯಗಳನ್ನು ಬೇರೆಯಾಗಿ, ಭೇಟಿಗೆ ಎರಡು ದಿನ ಮುಂಚೆಯೇ ಕಳುಹಿಸಿ. ಯಂತ್ರ ತೆಗೆಯಬೇಕಾದರೆ ಅವರು ಪಕ್ಕದ ಕೋಣೆಯವರನ್ನೂ ಕೇಳಬೇಕಾಗುತ್ತದೆ.